ಶರತ್ಕಾಲದ ಪ್ರವಾಸಲೇಖನಗಳು: ಒಂದು ಪುನರ್ವಿಮರ್ಶೆ

ನವರಾತ್ರಿಗೂ ದೀಪಾವಳಿಗೂ ನಡುವಣ ದಿನಗಳಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ನಮ್ಮ ಜಿಲ್ಲೆಯ ಪುರಾತನ ಸ್ಥಳಗಳನ್ನು ನೋಡಿಬರುವುದು ನಾನು ಉಪಾಧ್ಯಾಯನಾಗಿದ್ದ ಕಾಲದ ಪದ್ಧತಿಯಾಗಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಇವೇ ನಮ್ಮ ಯಾತ್ರೆಯ ಎಲ್ಲೆಗಳು. ಹಿಂದಿರುಗಿದ ಮೇಲೆ ಪ್ರತಿಯೊಬ್ಬನೂ ಪ್ರವಾಸಲೇಖನವೊಂದನ್ನು ಬರೆದೊಪ್ಪಿಸಬೇಕು. ಅವುಗಳಲ್ಲಿ ಹಲವು ಇಂದಿಗೂ ನನ್ನಲ್ಲಿವೆ. ನಿವೃತ್ತನಾದ ಬಳಿಕ ಆ ಕಟ್ಟನ್ನು ಬಿಚ್ಚಿ ಓದಿದೆನು. ಅವುಗಳ ಗುಣದೋಷಗಳನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ. ದೋಷಗಳಲ್ಲಿ ಹೆಚ್ಚಿನ ಪಾಲು ಬರೆದವರದಲ್ಲ, ಬರೆಯಿಸಿದವನದು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಮೊದಲ ದೋಷವು ಕವಿಸಮಯದ ಅತಿಬಳಕೆ. ಪಾಠಶಾಲೆಯಲ್ಲಿ ‘ಋತುಸಂಹಾರ’ವನ್ನು ಓದಿ ಬೆಳೆದ ನಾನು, ಶರತ್ತೆಂದರೆ ಅಗಸ್ತ್ಯೋದಯ, ತಿಳಿಯಾದ ನೀರು, ಅರಳಿದ ತಾವರೆ, ಹಂಸಗಳ ಸಾಲು ಎಂದು ಮಕ್ಕಳಿಗೆ ಹೇಳಿಕೊಟ್ಟೆನು. ಅವರು ವಿಧೇಯರು, ಮಳೆ ತಪ್ಪಿದ ವರ್ಷಗಳಲ್ಲಿಯೂ ತಮ್ಮ ಲೇಖನಗಳ ಕೆರೆಗಳಲ್ಲಿ ಹಂಸಗಳನ್ನು ತೇಲಬಿಟ್ಟರು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯಗಳನ್ನು ವಿಚಾರಿಸುವಾಗ ದೇಶವನ್ನೂ ಕಾಲವನ್ನೂ ಬಿಟ್ಟಿಲ್ಲ. ಆ ನಿಯಮವನ್ನು ಬಾಯಿಪಾಠ ಮಾಡಿದ್ದವನು ಬರಗಾಲದ ಸೀಮೆಯ ಮಕ್ಕಳ ಬರವಣಿಗೆಯಲ್ಲಿ ಅದನ್ನು ಮರೆತನು.

ಎರಡನೆಯ ದೋಷ, ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ಬರೆಯುವುದು. ದುರ್ಗದ ಏಳು ಸುತ್ತಿನ ಕೋಟೆಯನ್ನು ಕುರಿತ ಲೇಖನಗಳೆಲ್ಲವೂ ಒಂದೇ ಅಚ್ಚಿನವು: ಮದಕರಿನಾಯಕನ ಶೌರ್ಯ, ಓಬವ್ವನ ಒನಕೆ, 1779ರಲ್ಲಿ ಹೈದರಾಲಿಯ ವಶವಾದ ದುಃಖ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವು 1982ರಲ್ಲಿ ಬಂದ ಮೇಲಂತೂ ಮಕ್ಕಳು ಕೋಟೆಯನ್ನು ಹತ್ತುವ ಮೊದಲೇ ಅದನ್ನು ನೋಡಿ ಮುಗಿಸಿರುತ್ತಿದ್ದರು. ಕಥೆಯನ್ನು ಬರೆಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಓಬವ್ವ ಕಿಂಡಿಯ ಬಳಿ ಬಂದುದಾದರೂ ಏಕೆ? ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು. ಆ ತಣ್ಣೀರು ದೋಣಿ ಇಂದಿಗೂ ಅಲ್ಲಿದೆ. ನೂರಾರು ಪುಟಗಳಲ್ಲಿ ಒನಕೆ ಉಂಟು, ನೀರು ಇಲ್ಲ.

ನೀರನ್ನು ಬಿಟ್ಟರೆ ಆ ಕೋಟೆಯ ಅರ್ಥವೇ ಕೆಡುತ್ತದೆ. ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲಿಸಿ, ಅಲ್ಲಿ ಹೆಚ್ಚಾದುದನ್ನು ಅಕ್ಕ-ತಂಗಿಯರ ಹೊಂಡಕ್ಕೂ ಅದರಿಂದ ಕೆಳಗಿನ ಹೊಂಡಗಳಿಗೂ ಇಳಿಸಿದ ಯುಕ್ತಿ ಇಲ್ಲದಿದ್ದರೆ ಕಲ್ಲಿನ ಗೋಡೆಗಳು ಮುತ್ತಿಗೆಯನ್ನು ಎಷ್ಟು ದಿನ ತಾಳುತ್ತಿದ್ದುವು? ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದ ಕದಂಬ ಮಯೂರಶರ್ಮನ ಶಾಸನವೂ ತಟಾಕದ ವಿಷಯವನ್ನೇ ಹೇಳುತ್ತದೆ. ಹೊಸದುರ್ಗ ಸೀಮೆಯ ಹಾಲುರಾಮೇಶ್ವರದಲ್ಲಿ ಜನರು ಕೈಮುಗಿಯುವುದು ಬುಗ್ಗೆಯ ಗಂಗೆಗೆ. ಹೊಳಲ್ಕೆರೆಯ ಹೆಸರಿನಲ್ಲಿಯೇ ಕೆರೆಯುಂಟು. ಅಲ್ಲಿಯ ಬಯಲು ಗಣಪತಿ ತಲೆಯ ಮೇಲೆ ಮಾಡಿಲ್ಲದೆ ಮಳೆಯನ್ನು ಇದಿರುನೋಡುತ್ತಿರುವಂತೆ ಕುಳಿತಿದ್ದಾನೆ. ಮಳೆಗಾಲ ಕಳೆದು ವರ್ಷದ ನೀರಿನ ಲೆಕ್ಕ ಕಣ್ಣಿಗೆ ಕಾಣುವ ಋತು ಶರತ್ತು. ನಮ್ಮ ಊರುಗಳನ್ನು ನೋಡಲು ಅದೇ ತಕ್ಕ ಕಾಲ.

ಇದನ್ನು ಕಂಡವನು ಕಟ್ಟಿನಲ್ಲಿ ಒಬ್ಬನೇ ಇದ್ದಾನೆ. ಹಿರಿಯೂರು ಕಡೆಯ ಹುಡುಗ. ಬರದ ವರ್ಷವೊಂದರಲ್ಲಿ ಮಾರಿಕಣಿವೆಯನ್ನು ನೋಡಿ ಬಂದು ಹೀಗೆ ಬರೆದಿದ್ದನು: “ನೀರು ಬಹಳ ಕೆಳಗಿತ್ತು. ಬಂಡೆಗಳ ಮೇಲೆ ಹಳೆಯ ನೀರಿನ ಗೆರೆ ಕಾಣುತ್ತಿತ್ತು. ನಮ್ಮಜ್ಜ ಅಲ್ಲಿಯವರೆಗೆ ನೀರು ನೋಡಿದ್ದನಂತೆ. ನಾನು ನೋಡಿಲ್ಲ.” ಈ ನಾಲ್ಕು ವಾಕ್ಯಗಳಿಗೆ ನಾನು ಕೆಂಪು ಮಸಿಯಿಂದ ಅಡ್ಡಗೆರೆ ಎಳೆದು, “ವರ್ಣನೆ ಸಾಲದು” ಎಂದು ಬರೆದು, ಅಂಕಗಳನ್ನು ಕಳೆದಿದ್ದೇನೆ. ಮುಂದಿನ ವರ್ಷದ ಅವನ ಲೇಖನವೂ ಇದೆ. ಅದರಲ್ಲಿ ತಾವರೆಗಳಿವೆ, ಹಂಸಗಳಿವೆ, ಅಜ್ಜನಿಲ್ಲ.

1898ರಿಂದ 1907ರವರೆಗೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಆ ವಾಣೀವಿಲಾಸ ಸಾಗರವು 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ, 89 ವರ್ಷಗಳ ತರುವಾಯ. ಜಿಲ್ಲೆಯ ಜನರೆಲ್ಲ ಹೋದಂತೆ ನಾನೂ ಹೋಗಿ ನೋಡಿದೆನು. ಹುಡುಗ ಹೇಳಿದ ಗೆರೆಯನ್ನು ಹುಡುಕಿದೆನು, ಅದು ನೀರಿನೊಳಗಿತ್ತು. ಅಜ್ಜನ ಮಾತು ನಿಜವೆಂದೂ, ಮೊಮ್ಮಗನ ವಾಕ್ಯಗಳು ನಾನು ಪೂರ್ಣಾಂಕ ಕೊಟ್ಟ ಲೇಖನಗಳೆಲ್ಲಕ್ಕಿಂತ ಮೇಲಾದ ಬರವಣಿಗೆಯೆಂದೂ ಆಗ ಮನವರಿಕೆಯಾಯಿತು. ಅಲಂಕಾರವಿಲ್ಲದಿದ್ದರೂ ಅವುಗಳಲ್ಲಿ ದೇಶವಿದೆ, ಕಾಲವಿದೆ, ಕಾಣದುದನ್ನು ಕಂಡೆನೆನ್ನದ ಸತ್ಯವಿದೆ.

ಆದುದರಿಂದ ಈಗ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯ ಮಿತ್ರರಲ್ಲಿಯೂ ಮನೆಯ ಹಿರಿಯರಲ್ಲಿಯೂ ನನ್ನದೊಂದು ವಿಜ್ಞಾಪನೆ. ಇತಿಹಾಸವನ್ನು ಹೇಳಿರಿ, ಕಾವ್ಯವನ್ನೂ ಓದಿಸಿರಿ. ಆದರೆ ಹೊಂಡದ ಬಳಿಗೆ ಹೋದಾಗ ಈ ವರ್ಷ ಎಷ್ಟು ಮೆಟ್ಟಿಲು ನೀರಿನಲ್ಲಿ ಮುಳುಗಿವೆಯೆಂದು ಮಕ್ಕಳೇ ಎಣಿಸಿ ಬರೆಯಲಿ. ಬರಿದಾಗಿದ್ದರೆ ಬರಿದೆಂದೇ ಬರೆಯಲಿ. ಅಂತಹ ವಾಕ್ಯ ಕಂಡಾಗ ಕೆಂಪು ಮಸಿಯನ್ನು ದಯಮಾಡಿ ದೂರವಿಡಿರಿ.