ಒಡ್ಡು ಸಿಡಿಸಿದ ಕೈ

ಬೆನ್ ಝೈಟ್ಲಿನ್ ನಿರ್ದೇಶನದ ‘ಬೀಸ್ಟ್ಸ್ ಆಫ್ ದ ಸದರ್ನ್ ವೈಲ್ಡ್’ (2012) ಚಿತ್ರವನ್ನು ಹವಾಮಾನ ಬಿಕ್ಕಟ್ಟಿನ ಮಹಾಕಾವ್ಯವೆಂದು ಕೊಂಡಾಡಿದವರು ಬಹಳ. ಕಾನ್ ಚಿತ್ರೋತ್ಸವದ ಕ್ಯಾಮೆರಾ ದೋರ್ ಪ್ರಶಸ್ತಿ ಬಂತು, ನಾಲ್ಕು ಆಸ್ಕರ್ ನಾಮನಿರ್ದೇಶನಗಳೂ ಬಂದವು. ಅಷ್ಟು ದೊಡ್ಡ ಹೆಸರಿಗೆ ಈ ಚಿತ್ರ ಯೋಗ್ಯವಲ್ಲ. ಹಶ್‌ಪಪಿಯಾಗಿ ನಟಿಸಿದ ಬಾಲಕಿ ಕ್ವೆವೆಂಜನೆ ವಾಲಿಸ್‌ಳ ತೇಜಸ್ಸಿಗೆ ಮರುಳಾದವರು ಚಿತ್ರದ ರಾಜಕಾರಣವನ್ನು ನೋಡಲಿಲ್ಲ.

ಒಂದೇ ದೃಶ್ಯ ಸಾಕು. ಬಿರುಗಾಳಿ ಕಳೆದ ಮೇಲೆ, ಒಡ್ಡಿನಾಚೆಗೆ ಬಿಟ್ಟುಹೋದ ‘ಬಾತ್‌ಟಬ್’ ಎಂಬ ಜೌಗು ಊರು ಉಪ್ಪುನೀರಿನಲ್ಲಿ ಮುಳುಗಿದೆ. ಹಶ್‌ಪಪಿಯ ಅಪ್ಪ ವಿಂಕ್ ಮತ್ತವನ ಗೆಳೆಯರು ಮೀನಿನ ಹೊಟ್ಟೆಗೆ ಸಿಡಿಮದ್ದು ತುಂಬಿ ಒಡ್ಡಿಗೆ ಕಟ್ಟುತ್ತಾರೆ. ಸಿಡಿಸುವುದು ಹಶ್‌ಪಪಿ. ನೀರು ಇಳಿಯುತ್ತದೆ. ಅದು ಯಾರ ಮನೆಗೆ ನುಗ್ಗಿತು ಎಂದು ಚಿತ್ರ ಕೇಳುವುದೇ ಇಲ್ಲ.

ಚಿತ್ರ ನಡೆಯುವ ಲೂಸಿಯಾನಾದಲ್ಲಿ ನಿಜಕ್ಕೂ ಒಡ್ಡು ಸಿಡಿಸಿದ ಕೈ ಬೇರೆ. 1927ರ ಮಿಸಿಸಿಪಿ ಪ್ರವಾಹದಲ್ಲಿ ನ್ಯೂ ಆರ್ಲಿಯನ್ಸ್‌ನ ಬ್ಯಾಂಕರುಗಳ ಒತ್ತಾಯಕ್ಕೆ ಮಣಿದ ಸರ್ಕಾರವೇ ನಗರದ ಕೆಳಗಿನ ಒಡ್ಡನ್ನು ಸಿಡಿಸಿ, ಸೇಂಟ್ ಬರ್ನಾರ್ಡ್ ಕಡೆಯ ಬಡ ಬೇಟೆಗಾರರ ನೆಲ ಮುಳುಗಿಸಿತು. ಒಪ್ಪಿಕೊಂಡ ಪರಿಹಾರ ಬಹುಪಾಲು ಸಿಗಲೇ ಇಲ್ಲ. ಆ ನೆನಪು ಮಾಸಿರಲಿಲ್ಲ. 1965ರ ಬೆಟ್ಸಿ ಚಂಡಮಾರುತದಲ್ಲೂ 2005ರ ಕತ್ರೀನಾ ಚಂಡಮಾರುತದಲ್ಲೂ ನ್ಯೂ ಆರ್ಲಿಯನ್ಸ್‌ನ ಲೋವರ್ ನೈನ್ತ್ ವಾರ್ಡಿನ ಕಪ್ಪು ಜನರಲ್ಲಿ ಅನೇಕರು ತಮ್ಮ ಒಡ್ಡನ್ನೂ ಬೇಕೆಂದೇ ಸಿಡಿಸಿದರೆಂದು ನಂಬಿದರು. ಅದಕ್ಕೆ ಪುರಾವೆಯಿಲ್ಲ. ಆದರೆ ಹಡಗುಗಳ ಅನುಕೂಲಕ್ಕೆಂದು ಸೇನೆಯ ಎಂಜಿನಿಯರುಗಳು ತೋಡಿದ ಕಾಲುವೆ ಕಡಲಿನ ಉಪ್ಪನ್ನು ಒಳಕ್ಕೆ ತಂದು, ವಾರ್ಡಿನ ಬೆನ್ನಿಗಿದ್ದ ಸೈಪ್ರೆಸ್ ಜೌಗುಕಾಡನ್ನು ಕೊಂದದ್ದು ನಿಜ. ಆ ಕಾಲುವೆಯನ್ನು ಮುಚ್ಚಿದ್ದು 2009ರಲ್ಲಿ, ಊರು ಮುಳುಗಿದ ನಂತರ. ಇಂಥ ನೆಲದಲ್ಲಿ ಸಿಡಿಮದ್ದಿನ ಹಗ್ಗವನ್ನು ಕಪ್ಪು ಮಗುವಿನ ಕೈಗೆ ಕೊಡುವುದೆಂದರೆ ಮಾಡಿದವರ ಹೊಣೆಯನ್ನು ಅನುಭವಿಸಿದವರ ತಲೆಗೆ ಕಟ್ಟಿದಂತೆ.

ಇದು ಕಲ್ಪನೆಯ ಕಥೆ, ಇತಿಹಾಸ ಕೆದಕಬೇಡಿ ಎನ್ನುವ ವಿಮರ್ಶಕರ ಮಾತನ್ನು ನಾನು ಒಪ್ಪಲಾರೆ. ಬಲವಂತದ ತೆರವು, ನಿರಾಶ್ರಿತರ ಶಿಬಿರ, ಎಲ್ಲವನ್ನೂ ಕತ್ರೀನಾದಿಂದ ಎತ್ತಿಕೊಂಡ ಚಿತ್ರ ಹೊಣೆಯ ಪ್ರಶ್ನೆ ಬಂದೊಡನೆ ಕಲ್ಪನೆಯ ಮರೆಗೆ ಸರಿಯುವಂತಿಲ್ಲ. ಕಪ್ಪು ಸ್ತ್ರೀವಾದಿ ಚಿಂತಕಿ ಬೆಲ್ ಹುಕ್ಸ್ ಆಗಲೇ ಈ ಚಿತ್ರವನ್ನು ಕಟುವಾಗಿ ವಿಮರ್ಶಿಸಿದರು. ಆಕೆಯನ್ನು ಮುಖ್ಯವಾಗಿ ಕಾಡಿದ್ದು ಕಪ್ಪು ಮಗುವಿನ ಮೈಮೇಲಿನ ಹಿಂಸೆ, ಅದು ಸರಿಯೇ. ರಸಭಂಗ ಮಾಡಿದರೆಂದು ಆಕೆಯನ್ನು ದೂರಿದವರು ಆಕೆ ಎತ್ತಿದ ಪ್ರಶ್ನೆಗೆ ಉತ್ತರಿಸಲೇ ಇಲ್ಲ. ನನ್ನ ತಕರಾರು ಒಡ್ಡಿನದು, ನೀರಿನದು.

ಚಿತ್ರದಲ್ಲಿ ಜನ ಶಿಬಿರದಿಂದ ತಪ್ಪಿಸಿಕೊಂಡು ಊರಿಗೆ ಮರಳುತ್ತಾರೆ. ಛಲವಿದ್ದರೆ ಸಾಕು ಎಂಬಂತೆ. ನೈನ್ತ್ ವಾರ್ಡಿನವರಿಗೂ ಛಲವಿತ್ತು. ಆದರೆ ಕತ್ರೀನಾ ನಂತರ ಮನೆ ಕಟ್ಟಿಕೊಳ್ಳಲು ನೆರವು ನೀಡಿದ ‘ರೋಡ್ ಹೋಮ್’ ಯೋಜನೆಯ ಲೆಕ್ಕ, ಮತ್ತೆ ಕಟ್ಟುವ ಖರ್ಚು ಹೆಚ್ಚಿದ್ದಲ್ಲಿ, ಮನೆಯ ಹಳೆಯ ಮಾರುಕಟ್ಟೆ ಬೆಲೆಗೇ ನಿಂತಿತು. ಕಪ್ಪು ಬಡಾವಣೆಯ ಮನೆಗೆ ಬೆಲೆ ಕಡಿಮೆ, ಹಾಗಾಗಿ ನೆರವೂ ಕಡಿಮೆ. ಕಪ್ಪು ಮನೆಮಾಲೀಕರು 2008ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.