ಮಳೆಗಾಗಿ ಸಾಯುವವರು ಯಾರು?: ‘ಜೋಕುಮಾರಸ್ವಾಮಿ’ಯ ಒಂದು ಓದು

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು (1972) ನಾವು ಸಾಮಾನ್ಯವಾಗಿ ಫಲವಂತಿಕೆಯ ನಾಟಕವೆಂದೇ ಓದುತ್ತೇವೆ. ಜೋಕುಮಾರ ಮಳೆಯ ದೇವರೂ ಹೌದು ಎಂಬುದು ಆ ಓದಿನಲ್ಲಿ ಹಿಂದೆ ಸರಿಯುತ್ತದೆ. ಕಂಬಾರರ ಊರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಅಲ್ಲಿಂದ ಪೂರ್ವಕ್ಕೆ ಗೋಕಾಕ, ಮೂಡಲಗಿಯತ್ತ ಹೋದಂತೆ ಸಹ್ಯಾದ್ರಿಯ ಮಳೆ ದೂರವಾಗುತ್ತದೆ. ಇಂಥ ಸೀಮೆಗೆ ಭಾದ್ರಪದದ ಮಳೆಯೆಂದರೆ ಹಿಂಗಾರಿ ಬಿತ್ತನೆಯ ಪ್ರಶ್ನೆ.

ಶುದ್ಧ ಅಷ್ಟಮಿಗೆ ಹುಟ್ಟುವ ಮಣ್ಣಿನ ಜೋಕುಮಾರನ ಆಯುಷ್ಯ ಏಳೇ ದಿನ. ಹೆಂಗಸರು ಅವನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಯ ಮುಂದೆ ಹಾಡುತ್ತಾರೆ, ಬಾಯಿಗೆ ಬೆಣ್ಣೆ ಹಚ್ಚುತ್ತಾರೆ. ಹುಣ್ಣಿಮೆಗೆ ಅವನ ಕೊಲೆ. ಭೂಲೋಕದಲ್ಲಿ ಎಲ್ಲ ಸುಖವೆಂದು ಗಣಪತಿ ಶಿವನಿಗೆ ಹೇಳಿದರೆ, ಜೋಕುಮಾರ ರೈತರ ಕಷ್ಟ ಹೇಳಿ ಮಳೆ ತರಿಸುತ್ತಾನೆಂಬುದು ಜನರ ನಂಬಿಕೆ.

ಸಾಯುವ ಮಳೆದೇವರು ಎಂದೊಡನೆ ಸಿರಿಯಾದ ಬಾಳ್ ನೆನಪಾಗುತ್ತಾನೆ. ಹಳೆಯ ಉಗಾರಿತ್ ಪಟ್ಟಣವಿದ್ದ ರಾಸ್ ಶಮ್ರಾ ದಿಬ್ಬದಲ್ಲಿ 1929ರಿಂದ ಸಿಕ್ಕ ಜೇಡಿಮಣ್ಣಿನ ಫಲಕಗಳಲ್ಲಿ ಅವನ ಕಥೆಯಿದೆ. ಗುಡುಗು ಅವನ ದನಿ. ಕಡಲದೇವರನ್ನು ಗೆದ್ದು ಅರಮನೆ ಕಟ್ಟಿಸಿಕೊಂಡ ಅವನನ್ನು ಸಾವಿನ ದೇವರು ಮೋತ್ ನುಂಗುತ್ತಾನೆ, ಹೊಲಗಳು ಒಣಗುತ್ತವೆ. ಅನಾತ್ ದೇವಿ ಮೋತ್‌ನನ್ನು ಕಡಿದು, ತೂರಿ, ಸುಟ್ಟು, ಬೀಸಿ ಹೊಲದಲ್ಲಿ ಚೆಲ್ಲುತ್ತಾಳೆ. ಬಾಳ್ ಮರಳಿ ಬರುತ್ತಾನೆ.

ಒಂದು ಕಥೆ ಇನ್ನೊಂದರಿಂದ ಬಂತೆಂದು ನಾನು ವಾದಿಸುತ್ತಿಲ್ಲ. ಮುಗಿಲು ನೋಡಿ ಬಿತ್ತುವ ಜನ ಎಲ್ಲಿದ್ದರೂ ಇಂಥ ದೇವರನ್ನು ಕಲ್ಪಿಸಿಕೊಂಡಾರು. ನನಗೆ ಮುಖ್ಯವೆನಿಸುವುದು ಇವರಿಬ್ಬರ ನಡುವಿನ ವ್ಯತ್ಯಾಸ. ಬಾಳ್ ಸಿಂಹಾಸನಕ್ಕಾಗಿ ಹೋರಾಡುವ ದೇವರು. ಜೋಕುಮಾರನಿಗೆ ಅರಮನೆಯಿಲ್ಲ, ಇರುವುದು ಬುಟ್ಟಿ. ಅವನು ಯಾರನ್ನೂ ಗೆಲ್ಲುವುದಿಲ್ಲ, ಊರಿನ ಕಷ್ಟವನ್ನು ಹೊತ್ತೊಯ್ಯುತ್ತಾನೆ.

ಕಂಬಾರರು ಈ ಪಾತ್ರವನ್ನು ಹೊಲಕ್ಕಾಗಿ ಸೆಟೆದು ನಿಂತ ಬಸಣ್ಯನಿಗೆ ಕೊಟ್ಟರು. ಗೌಡನಲ್ಲಿ ಮೋತ್‌ನ ಗುಣಗಳಿವೆ: ಊರ ಹೊಲವನ್ನೆಲ್ಲ ನುಂಗಿಯೂ ಅವನಿಂದ ಏನೂ ಹುಟ್ಟುವುದಿಲ್ಲ. ಗೌಡ್ತಿ ಗಂಡನಿಗೆಂದು ಮಾಡಿದ ಪಡವಲಕಾಯಿ ಪಲ್ಯ ಬಸಣ್ಯನ ಪಾಲಾಗುತ್ತದೆ, ಅವಳು ಬಸುರಾಗುತ್ತಾಳೆ, ಬಸಣ್ಯ ಕೊಲೆಯಾಗುತ್ತಾನೆ. ಮಳೆಯ ಆಚರಣೆ ಇಲ್ಲಿ ಒಡೆತನದ ಜಗಳವಾಗುತ್ತದೆ. ಉಳುವವನೇ ಹೊಲದೊಡೆಯ ಎಂಬ ಮಾತು ಕರ್ನಾಟಕದಲ್ಲಿ ಗಟ್ಟಿಯಾದ ಕಾನೂನಾಗಿ ಜಾರಿಗೆ ಬಂದದ್ದು 1974ರಲ್ಲಿ, ನಾಟಕ ಬಂದ ಎರಡು ವರ್ಷಗಳ ನಂತರ.

ನನ್ನ ತಕರಾರು ಇರುವುದೂ ಇಲ್ಲಿಯೇ. ಹುಟ್ಟುವ ಕೂಸು ಲೋಕದ ಕಣ್ಣಿಗೆ ಗೌಡನದೇ. ಹಾಗಾದರೆ ಹೊಲ ಮತ್ತೆ ಗೌಡನ ಮನೆಗೇ ಉಳಿಯಿತಲ್ಲ? ಅನಾತ್‌ಳ ಕೈಯ ಕತ್ತಿ ಗೌಡ್ತಿಗೆ ಸಿಗುವುದಿಲ್ಲ. ಅವಳಿಗೆ ಉಳಿಯುವುದು ಬಸಿರು ಮಾತ್ರ. ರಕ್ತದಿಂದ ಬೆಳೆ ಬರುತ್ತದೆಂಬ ಸಮಾಧಾನ ಕೊಲೆಯ ಲೆಕ್ಕವನ್ನು ಚುಕ್ತಾ ಮಾಡಿಬಿಡುವ ಅಪಾಯವಿದೆ. ಮಣ್ಣಿನ ಜೋಕುಮಾರ ಮುಂದಿನ ಭಾದ್ರಪದಕ್ಕೆ ಬುಟ್ಟಿಯಲ್ಲಿ ಬರುತ್ತಾನೆ. ಬಸಣ್ಯ ಬರುವುದಿಲ್ಲ. ನಾಟಕವನ್ನು ಇವತ್ತು ಆಡುವವರು, ಓದುವವರು ಈ ವ್ಯತ್ಯಾಸವನ್ನು ಹಾಡಿನ ಗದ್ದಲದಲ್ಲಿ ಮರೆಯಬಾರದು.