ಮಾಂತ್ರಿಕನಿಗೆ ಯಾವ ಕಾಯ್ದೆ?

ಕಲ್ಪನಾಲೋಕದ ಕಾದಂಬರಿ ಕೈಗೆ ಬಂದರೆ ಹೆಚ್ಚಿನವರು ಮೊದಲ ಪುಟದ ನಕಾಶೆ ನೋಡುತ್ತಾರೆ. ನಾನು ಹುಡುಕುವುದು ಪೊಲೀಸ್ ಠಾಣೆಯನ್ನು. ಚಿಟಿಕೆ ಹೊಡೆದು ಬೆಂಕಿ ಹುಟ್ಟಿಸುವ ಜನ ಓಡಾಡುವ ದೇಶದಲ್ಲಿ ಒಬ್ಬ ರೈತನ ಕಣಕಿ ಬಣವೆ ಸುಟ್ಟುಹೋದರೆ ಅವನು ಯಾರ ಬಳಿ ಹೋಗಿ ದೂರು ಕೊಡಬೇಕು? ಲೇಖಕ ಇದನ್ನು ಯೋಚಿಸಿದ್ದಾನೋ ಇಲ್ಲವೋ ಐವತ್ತು ಪುಟದೊಳಗೆ ಗೊತ್ತಾಗಿಬಿಡುತ್ತದೆ. ಯೋಚಿಸಿಲ್ಲದಿದ್ದರೆ ಪುಸ್ತಕದಲ್ಲಿ ಎಷ್ಟೇ ಡ್ರ್ಯಾಗನ್ ಹಾರಲಿ, ನನಗೆ ಆ ಊರಿನಲ್ಲಿ ಜನ ವಾಸವಾಗಿದ್ದಾರೆ ಅನಿಸುವುದಿಲ್ಲ.

ಯೋಚಿಸಿದವರೂ ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಲೋಕದಲ್ಲಿ ಮಾಂತ್ರಿಕರದೇ ಒಂದು ಸಚಿವಾಲಯ ಇದೆ. ಅದರ ಮುಖ್ಯ ಕೆಲಸ ಗುಟ್ಟು ಕಾಯುವುದು. ಸಾಮಾನ್ಯ ಮನುಷ್ಯ ಏನಾದರೂ ಕಂಡುಬಿಟ್ಟರೆ ಅವನ ನೆನಪನ್ನೇ ಅಳಿಸಿಹಾಕುತ್ತಾರೆ. ಅಂದರೆ ಸಾಕ್ಷಿಯನ್ನು ಸರ್ಕಾರವೇ ನಾಶ ಮಾಡುತ್ತದೆ! ಅರ್ಸುಲಾ ಲ ಗ್ವಿನ್ 1968ರಲ್ಲಿ ಕಟ್ಟಿದ ಅರ್ಥ್‌ಸೀಯಲ್ಲಿ ರೋಕ್ ದ್ವೀಪದ ಗುರುಕುಲ ಇದೆ. ಲೋಕದ ಸಮತೋಲ ಕೆಡಿಸಬಾರದು ಎಂಬುದು ಅಲ್ಲಿನ ಪಾಠ. ರಾಬರ್ಟ್ ಜೋರ್ಡನ್ ಅವರ ಮಾಂತ್ರಿಕೆಯರು ಕೋಲು ಹಿಡಿದು ಮೂರು ಪ್ರಮಾಣ ಮಾಡುತ್ತಾರೆ, ಸುಳ್ಳು ಆಡುವುದಿಲ್ಲ ಎಂಬುದು ಮೊದಲನೆಯದು. ಆಮೇಲೆ ಸಾವಿರಾರು ಪುಟಗಳುದ್ದಕ್ಕೂ ಸುಳ್ಳಾಡದೆಯೇ ಮೋಸ ಮಾಡುವ ಕಲೆಯನ್ನು ಬೆಳೆಸುತ್ತಾರೆ. ಆ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೇ ಅದು. ಆದರೆ ಮೂರೂ ಕಡೆ ಮಾಂತ್ರಿಕರ ಮೇಲೆ ಕಣ್ಣಿಡುವವರು ಮಾಂತ್ರಿಕರೇ. ಬಣವೆ ಕಳೆದುಕೊಂಡ ರೈತನಿಗೆ ಆ ಸಭೆಯಲ್ಲಿ ಕೂರಲು ಜಾಗವಿಲ್ಲ.

ನಮ್ಮ ಕಡೆ ಇದನ್ನು ಬೇರೆ ರೀತಿ ಯೋಚಿಸಿದ್ದಾರೆ. ವಿಜಯಪುರದಿಂದ ಅರಕೇರಿಗೆ ಹೋದರೆ ಮುಮ್ಮೆಟ್ಟಿಗುಡ್ಡದ ಅಮೋಘಸಿದ್ಧನ ನೆಲೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಸುತ್ತಲ ಊರುಗಳಿಂದ, ಮಹಾರಾಷ್ಟ್ರದ ಕಡೆಯಿಂದ ಪಲ್ಲಕ್ಕಿಗಳು ಬರುತ್ತವೆ, ಭಂಡಾರ ಎರಚಿ ಗುಡ್ಡವೆಲ್ಲ ಹಳದಿಯಾಗುತ್ತದೆ. ಹಾಲುಮತದ ಡೊಳ್ಳಿನ ಪದಗಳು ರೇವಣಸಿದ್ಧ, ಬೀರಪ್ಪ, ಮಾಳಿಂಗರಾಯ, ಅಮೋಘಸಿದ್ಧರ ಪವಾಡಗಳನ್ನು ಹಾಡುತ್ತವೆ. ಕಲ್ಪನಾಸಾಹಿತ್ಯದ ಚಟ ಇರುವವನು ಆ ಪದಗಳನ್ನು ಕೇಳಬೇಕಾದ ರೀತಿಯೇ ಬೇರೆ. ಮಾಳಿಂಗರಾಯ ಹುಲಿಯ ಹಾಲು ತರುವ ಕಥೆಯನ್ನೇ ತೆಗೆದುಕೊಳ್ಳಿ. ಗುರು ಬೀರಪ್ಪ ಕೇಳಿದ, ಶಿಷ್ಯ ಹೋದ, ತಂದ. ಶಕ್ತಿ ಇರುವುದು ಹೇಳಿದ ಕೆಲಸಕ್ಕೆ. ಹುಲಿ ಹಾಲಿನ ಡೇರಿ ಇಡಲಿಕ್ಕಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡು ಮೇಳಗಳು ಎದುರುಬದುರು ನಿಂತವೆಂದರೆ ಒಂದು ಹಾಡಿದ ಪವಾಡಕ್ಕೆ ಇನ್ನೊಂದು ಸವಾಲು ಎಸೆಯುತ್ತದೆ. ಯಾಕೆ ಹೋದ, ಯಾರು ಕಳಿಸಿದರು, ಆಗ ಇವನೆಲ್ಲಿದ್ದ? ದೇವರ ಪವಾಡವೂ ಬೆಳಗಿನ ತನಕ ಪಾಟೀಸವಾಲಿಗೆ ನಿಲ್ಲಬೇಕು. ರೋಕ್ ಗುರುಕುಲದಲ್ಲಿ ಹೊರಗಿನವರು ಹೀಗೆ ಬಾಯಿ ಬಿಟ್ಟು ಕೇಳಿದ ನೆನಪು ನನಗಿಲ್ಲ.

ಇದು ಹಾಡಿನ ಮಾತಾಯಿತು. ಕಾಗದದ ಮೇಲಿನ ಕಾಯ್ದೆಯೂ ನಮ್ಮಲ್ಲಿದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳನ್ನು ತಡೆಯುವ ಕರ್ನಾಟಕದ ಅಧಿನಿಯಮ 2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು, 2020ರ ಜನವರಿ 4ರಿಂದ ಜಾರಿಗೆ ಬಂತು. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಅದರ ಅನುಸೂಚಿಯನ್ನು ನಾನು ಕಾದಂಬರಿಯಂತೆಯೇ ಓದಿದ್ದೇನೆ. ನಿಧಿ ಆಸೆಗೆ ಮಾಡುವ ಪೂಜೆ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆತ, ಹಾವು ಕಡಿದವನನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು, ಬೆರಳಿನಿಂದಲೇ ಆಪರೇಷನ್ ಮಾಡುತ್ತೇನೆನ್ನುವುದು, ಪವಾಡ ತೋರಿಸಿ ದುಡ್ಡು ಕೀಳುವುದು ಎಲ್ಲ ಅಲ್ಲಿವೆ. ಇಷ್ಟೆಲ್ಲ ಹೇಳುವ ಕಾಯ್ದೆ ಒಂದು ಪ್ರಶ್ನೆಯ ತಂಟೆಗೇ ಹೋಗುವುದಿಲ್ಲ: ಮಂತ್ರ ನಿಜವೋ ಸುಳ್ಳೋ? ಮಂತ್ರ ಹಾಕಿದ್ದಕ್ಕಿಂತ ಆಸ್ಪತ್ರೆಗೆ ಬಿಡದಿದ್ದುದೇ ಅಲ್ಲಿ ದೊಡ್ಡ ಅಪರಾಧ. ಇದಕ್ಕಿಂತ ಜಾಣ ಕರಡನ್ನು ಯಾವ ಕಲ್ಪನಾಲೋಕದ ರಾಜಸಭೆಯೂ ಬರೆದದ್ದು ನಾನು ಕಂಡಿಲ್ಲ.

ಇಂಗ್ಲೆಂಡು ಈ ಜಾಗಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು. 1604ರ ಅವರ ಕಾಯ್ದೆ ಮಾಟ ಮಾಡಿದವರನ್ನು ಗಲ್ಲಿಗೇರಿಸುತ್ತಿತ್ತು. 1735ರ ಕಾಯ್ದೆ ಮಾಟ ಬರುತ್ತದೆ ಎಂದು ಹೇಳಿಕೊಂಡವರನ್ನು ಜೈಲಿಗೆ ಹಾಕಲು ಶುರುಮಾಡಿತು. ಅದೇ ಕಾಯ್ದೆಯಡಿ 1944ರಲ್ಲಿ, ಮಹಾಯುದ್ಧದ ನಡುವೆ, ಪ್ರೇತಗಳನ್ನು ಕರೆಸುತ್ತೇನೆಂದ ಹೆಲೆನ್ ಡಂಕನ್ ಎಂಬಾಕೆಗೆ ಒಂಬತ್ತು ತಿಂಗಳ ಸಜೆಯಾಯಿತು. ನಮ್ಮದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆಯಂತೂ ತಾಯಿತ, ಮಂತ್ರ, ಕವಚಗಳನ್ನು ಹೆಸರಿಟ್ಟೇ ವಿವರಿಸುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕೇರಳ ಮಾಂತ್ರಿಕರ ಪೋಸ್ಟರು ಅಂಟಿಸುವವರಿಗೆ ಇದು ಗೊತ್ತಿದ್ದಂತಿಲ್ಲ.

ನನ್ನ ಹಾಗೆ ಈ ಸಾಹಿತ್ಯದ ಹುಚ್ಚು ಹಿಡಿದವರು ಇಲ್ಲಿ ಆಕ್ಷೇಪ ಎತ್ತುತ್ತಾರೆ. ಕಲ್ಪನಾಲೋಕದಲ್ಲಿ ಮಂತ್ರ ನಿಜವಾಗಿ ಫಲಿಸುತ್ತದಲ್ಲ, ವಂಚನೆಯ ಕಾಯ್ದೆ ಹಿಡಿದು ಅಲ್ಲಿ ಏನು ಮಾಡುವುದು? ಅದಕ್ಕೆ ಕೌಟಿಲ್ಯ ಇದ್ದಾನೆ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕ ತಾಳೆಗರಿಯಿಂದ 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಮಾಟ ಫಲಿಸುತ್ತದೆ ಎಂದೇ ಇಟ್ಟುಕೊಂಡು ಬರೆದ ಕಲಮುಗಳಿವೆ. ಮನಸ್ಸು ಮುರಿದ ಹೆಂಡತಿಯನ್ನು ಒಲಿಸಿಕೊಳ್ಳಲು ಗಂಡ ವಶೀಕರಣ ಮಾಡಿದರೆ ತಪ್ಪಿಲ್ಲ. ಇನ್ನೊಬ್ಬರಿಗೆ ಹಾನಿಯಾದರೆ ಮಧ್ಯಮ ದಂಡ, ಅಂದರೆ 200ರಿಂದ 500 ಪಣ. ಕಳ್ಳತನಕ್ಕೆ, ಹೊಡೆದಾಟಕ್ಕೆ ಇರುವ ಅಳತೆಪಟ್ಟಿಯನ್ನೇ ಅವನು ಮಾಟಕ್ಕೂ ಹಚ್ಚಿದ. (ಹೆಂಡತಿಯ ಇಚ್ಛೆ ಏನು ಎಂದು ಅವನೂ ಕೇಳಲಿಲ್ಲ. ನಾನು ಮನಸ್ಸಿನಲ್ಲಿ ಕಟ್ಟುತ್ತಿರುವ ಕಲ್ಪನೆಯ ದೇಶದಲ್ಲಿ ಆ ಕಲಮು ಇರುವುದಿಲ್ಲ.) ಆದರೆ ಅದೇ ಪುಸ್ತಕದ ಮುಂದಿನ ಅಧಿಕರಣದಲ್ಲಿ ಬೊಕ್ಕಸ ಬರಿದಾದಾಗ ಏನು ಮಾಡಬೇಕೆಂದು ಹೇಳುತ್ತಾನೆ. ರಾತ್ರೋರಾತ್ರಿ ದೇವರನ್ನು ಎಬ್ಬಿಸಿ ಜಾತ್ರೆ ಮಾಡಿ ಹಣ ಎತ್ತು, ಮರದಲ್ಲಿ ಪಿಶಾಚಿ ತೋರಿಸಿ ಪರಿಹಾರಕ್ಕೆಂದು ವಸೂಲಿ ಮಾಡು. ಪ್ರಜೆ ಮಾಡಿದರೆ ದಂಡ, ರಾಜ ಮಾಡಿದರೆ ರಾಜಸ್ವ!

ಇದು ಬರೀ ಪುಸ್ತಕದ ಮಾತಲ್ಲ ಎನ್ನಲು ಅರಕೇರಿಯಿಂದ ವಿಜಯಪುರಕ್ಕೆ ಮರಳಿದರೆ ಸಾಕು. ತಾಳಿಕೋಟೆ ಯುದ್ಧ ಗೆದ್ದು, ಊರಿಗೆ ಕೋಟೆ ಕಟ್ಟಿಸಿ, ಜಾಮಿಯಾ ಮಸೀದಿ ಎಬ್ಬಿಸಿದ ಒಂದನೇ ಅಲಿ ಆದಿಲ್ ಶಾಹನ ಆಸ್ಥಾನದಲ್ಲಿ 1570ರ ಸುಮಾರಿಗೆ ‘ನುಜೂಮ್ ಅಲ್ ಉಲೂಮ್’ ಎಂಬ ಚಿತ್ರಭರಿತ ಪಾರ್ಸಿ ಗ್ರಂಥ ಸಿದ್ಧವಾಯಿತು. ಬರೆದವನು ಸುಲ್ತಾನನೇ ಎಂದು ಇತಿಹಾಸಕಾರರು ವಾದಿಸುತ್ತಾರೆ. ಗ್ರಹ, ರಾಶಿ, ಆನೆ, ಕುದುರೆ, ಆಯುಧಗಳ ಜೊತೆಗೆ ತಾಯಿತಗಳೂ ಮಂತ್ರಗಳೂ ಅದರಲ್ಲಿವೆ. ರೂಹಾನಿಗಳೆಂಬ 140 ಸ್ತ್ರೀಶಕ್ತಿಗಳನ್ನು ಬಣ್ಣದಲ್ಲಿ ಬರೆದಿದ್ದಾರೆ, ಅವರನ್ನು ಒಲಿಸಿಕೊಳ್ಳುವ ವಿಧಿಯನ್ನೂ ಕೊಟ್ಟಿದ್ದಾರೆ. ನಮ್ಮ ಯೋಗಿನಿಯರನ್ನು ನೆನಪಿಸುವ ಈ ಚಿತ್ರಗಳ ಪ್ರತಿ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಪಾಶ್ಚಾತ್ಯ ಕಾದಂಬರಿಗಳಲ್ಲಿ ಮಾಂತ್ರಿಕ ರಾಜನ ಪಕ್ಕದಲ್ಲಿ ನಿಂತು ಸಲಹೆ ಕೊಡುತ್ತಾನೆ. ಇಲ್ಲಿ ರಾಜನೇ ಮಾಂತ್ರಿಕ. ಆನೆಲಾಯದ ಲೆಕ್ಕ, ಆಯುಧಶಾಲೆಯ ಲೆಕ್ಕ, ರೂಹಾನಿಗಳ ಲೆಕ್ಕ ಮೂರೂ ಒಂದೇ ಪುಸ್ತಕದಲ್ಲಿ. ಇಂಥ ದೇಶದಲ್ಲಿ ಮಾಂತ್ರಿಕರನ್ನು ಹಿಡಿತದಲ್ಲಿಡುವುದು ಹೇಗೆ ಎಂಬ ಪ್ರಶ್ನೆ ಏಳುವುದೇ ಇಲ್ಲ, ಏಳಬೇಕಾದ ಪ್ರಶ್ನೆ ಬೇರೆ: ರಾಜನನ್ನು ಹಿಡಿತದಲ್ಲಿಡುವವರು ಯಾರು? ಅಲಿ ಕೊನೆಗೆ 1580ರಲ್ಲಿ ತನ್ನ ಅರಮನೆಯಲ್ಲೇ ಕೊಲೆಯಾದ. 140 ಶಕ್ತಿಗಳಲ್ಲಿ ಒಂದೂ ಎಚ್ಚರಿಸಲಿಲ್ಲ.

ನನಗೆ ಅತ್ಯಂತ ಹಿಡಿಸಿದ ಕಟ್ಟುಪಾಡು ಇರುವುದು ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ. ಭರತ ಹುಣ್ಣಿಮೆಯ ಹೊತ್ತಿಗೆ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೆ’ ಎನ್ನುತ್ತಾನೆ, ಗದ್ದಲ ನಿಲ್ಲುತ್ತದೆ, ಒಂದೇ ಒಂದು ವಾಕ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಮುಗಿಯಿತು. ಅದು ಮಳೆಯದೋ ಬೆಳೆಯದೋ ರಾಜಕೀಯದ್ದೋ ಎಂದು ಅರ್ಥ ಮಾಡಿಕೊಳ್ಳುವುದು ಜನರ ಪಾಲು. ನುಡಿದವನು ಟಿಪ್ಪಣಿ ಬರೆಯುವಂತಿಲ್ಲ. ವರ್ಷಕ್ಕೊಮ್ಮೆ, ಎಲ್ಲರ ಎದುರು, ಒಂದೇ ಮಾತು, ಯಾರ ಮನೆ ಸಮಸ್ಯೆಗೂ ಅಲ್ಲ. ಭವಿಷ್ಯ ನುಡಿಯುವವನನ್ನು ಇಷ್ಟು ಬಿಗಿಯಾಗಿ ಕಟ್ಟಿಹಾಕಿದ ವ್ಯವಸ್ಥೆ ಇನ್ನೊಂದಿದ್ದರೆ ತೋರಿಸಿ. ಬಬಲೇಶ್ವರ ತಾಲ್ಲೂಕಿನ ಬಬಲಾದಿಯಲ್ಲಿ ಶಿವರಾತ್ರಿ ಜಾತ್ರೆಗೆ ಸದಾಶಿವ ಮುತ್ಯಾನ ಕಾಲಜ್ಞಾನದ ಹೇಳಿಕೆ ಕೇಳಲು ಜನ ಬರುವುದೂ ಹೀಗೆಯೇ, ಬಯಲಲ್ಲಿ. ಅಲ್ಲಿ ಮದ್ಯದ ನೈವೇದ್ಯ ಇದೆ ಎಂದು ಮೂಗು ಮುರಿಯುವವರು ಇದ್ದಾರೆ, ಇರಲಿ. ಹೇಳಿಕೆ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ನಡೆಯುವುದಿಲ್ಲ ಎಂಬುದು ನನಗೆ ಮುಖ್ಯ.

ಯಾಕೆಂದರೆ ಕೆಡುಕೆಲ್ಲ ಇರುವುದು ಆ ಬಾಗಿಲು ಹಾಕಿದ ಕೋಣೆಯಲ್ಲೇ. ಮಗು ಬದುಕಬೇಕೆನ್ನುವ ತಾಯಿ, ಬೋರು ಬತ್ತಿದ ರೈತ, ಅವರ ಎದುರು ಒಬ್ಬನೇ ಒಬ್ಬ ಬಲ್ಲವನು, ಜೊತೆಗೆ ದಕ್ಷಿಣೆ. ಆದ್ದರಿಂದ ನನ್ನ ದೇಶದಲ್ಲಿ ಯಾರಿಗೆಷ್ಟು ಶಕ್ತಿ ಇದೆ ಎಂದು ಗಣತಿ ಮಾಡುವುದಿಲ್ಲ, ಹುಟ್ಟಿದ ಮಗುವಿನ ಕೈಗೆ ಗುರುತು ಹಾಕುವುದಿಲ್ಲ. ಕಷ್ಟದಲ್ಲಿದ್ದವನ ಮೇಲೆ ಮಂತ್ರ ಹಾಕುವಾಗ ಮೂರನೆಯವರು ಇರಬೇಕು, ಫಲಕ್ಕೆ ಮುಂಚೆ ದುಡ್ಡು ಮುಟ್ಟಬಾರದು, ವೈದ್ಯನ ಬಳಿ ಹೋಗುವ ದಾರಿಗೆ ಅಡ್ಡ ನಿಲ್ಲಬಾರದು. ಅರಮನೆಗೂ ಇದೇ ನಿಯಮ. ಪರೀಕ್ಷಿಸುವವನಿಗೆ ಸಮನ್ಸ್ ಕೊಡುವ ಅಧಿಕಾರವೂ ಇರಬೇಕು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರದ ಮೇಲೆ ಪತ್ರ ಬರೆದರು, ಪರೀಕ್ಷೆ ನಡೆಯಲೇ ಇಲ್ಲ.

ಗಣತಿ ಬೇಡ ಎನ್ನಲು ಬಾನಾಮತಿ ಎಂಬ ಮಾಟದ ಭಯವೂ ಕಾರಣ. ನಮ್ಮ ಕಲಬುರಗಿ, ಬೀದರ್, ವಿಜಯಪುರದ ಹಳ್ಳಿಗಳಲ್ಲಿ ಆ ಹೆಸರಿಗೆ ಬಲಿಯಾದವರು ಬಡವರು, ಅದರಲ್ಲೂ ವಿಧವೆಯರು, ಒಂಟಿ ಮುದುಕಿಯರು. ಮಾಂತ್ರಿಕರ ಪಟ್ಟಿ ಬರೆಯಲು ಸರ್ಕಾರ ಕುಳಿತರೆ ಮೊದಲು ಬೀಳುವುದು ಅವರ ಹೆಸರೇ. ಮಂತ್ರ ಬಲ್ಲ ಸಾಹುಕಾರನ ಹೆಸರು ಕಡೆಗೂ ಬರುವುದಿಲ್ಲ. ಮಹಾರಾಷ್ಟ್ರದ 2013ರ ಕಾಯ್ದೆ ಇದನ್ನು ಕಂಡುಕೊಂಡಿದೆ. ಇಂಥವರು ಮಾಟ ಮಾಡಿ ಎಮ್ಮೆಯ ಹಾಲು ಇಂಗಿಸಿದರು ಎಂದು ಸುದ್ದಿ ಹಬ್ಬಿಸುವುದೇ ಅಲ್ಲಿ ಅಪರಾಧ. ಆ ಕಾಯ್ದೆಗೆ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದ ಮೇಲಷ್ಟೇ ಸುಗ್ರೀವಾಜ್ಞೆ ಹೊರಬಿತ್ತು. ಎರಡು ವರ್ಷದ ನಂತರ, ಆಗಸ್ಟ್ 30ರಂದು, ನಮ್ಮ ವಿಜಯಪುರ ಜಿಲ್ಲೆಯವರೇ ಆದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲಿ ಕೊಂದರು. ಕಾದಂಬರಿಗಳಲ್ಲಿ ಬೇಟೆಗಾರ ಮಾಂತ್ರಿಕರನ್ನು ಅಟ್ಟಿಕೊಂಡು ಹೋಗುತ್ತಾನೆ; ಇಲ್ಲಿ ಪ್ರಶ್ನೆ ಕೇಳಿದವರ ಮನೆ ಹುಡುಕಿಕೊಂಡು ಬಂದರು.

ಕರ್ನಾಟಕದ ಕಾಯ್ದೆಗೆ ವಿನಾಯಿತಿಗಳ ಒಂದು ಪಟ್ಟಿಯೂ ಇದೆ. ಜ್ಯೋತಿಷ್ಯ ಮತ್ತು ವಾಸ್ತು ಸಲಹೆಯನ್ನು ಹೊರಗಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಬಾಗಿಲು ಹಾಕಿದ ಕೋಣೆಗಳಲ್ಲಿ ಅರ್ಧ ಅವರವೇ. ಹರಿಕಥೆ, ಕೀರ್ತನೆ, ಪ್ರವಚನ, ಭಜನೆ ಹೊರಗಿರುವುದು ಸರಿ. ಇನ್ನೊಂದು ಚಂದದ ಕಲಮಿದೆ: ತೀರಿಹೋದ ಸಂತರ ಪವಾಡಗಳನ್ನು ಹೇಳುವುದು, ಪ್ರಚಾರ ಮಾಡುವುದು, ಅವುಗಳ ಸಾಹಿತ್ಯ ಹಂಚುವುದು ಅಪರಾಧವಲ್ಲ. ಅರಕೇರಿಯ ಡೊಳ್ಳಿನ ಮೇಳ ನಿಶ್ಚಿಂತೆಯಿಂದ ಹಾಡಬಹುದು. ಇದನ್ನು ಕಲ್ಪನಾಲೋಕಕ್ಕೆ ಹಾಗೇ ಎತ್ತಿಕೊಂಡು ಹೋದರೆ ಮಾತ್ರ ತೊಡಕು, ಅಲ್ಲಿ ಸತ್ತವರು ಮೂರನೇ ಸಂಪುಟದಲ್ಲಿ ಎದ್ದು ಬರುತ್ತಾರೆ. ಎದ್ದು ಬಂದ ಸಂತ ಮರುದಿನವೇ ದಕ್ಷಿಣೆ ಕೇಳಿದರೆ ವಿನಾಯಿತಿ ಅವನಿಗೂ ಉಂಟೇ? ನನ್ನ ಕರಡಿನಲ್ಲಿ ಸದ್ಯಕ್ಕೆ ನೂರು ವರ್ಷದ ಗಡುವು ಹಾಕಿದ್ದೇನೆ, ಎದ್ದ ದಿನದಿಂದ ಲೆಕ್ಕ ಮತ್ತೆ ಸೊನ್ನೆಯಿಂದ.